ಐದು ಎಸ್‌ಯುವಿಗಳಲ್ಲಿ ಯಾವುದು? ಮೊದಲು ಹಿಂದಿನ ಸೀಟಿನಲ್ಲಿ ಕೂತು ನೋಡಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಇಬ್ಬರು ಮಕ್ಕಳು, ಚಿಕ್ಕದಕ್ಕೆ ಎರಡು ವರ್ಷ, ದೊಡ್ಡದಕ್ಕೆ ಏಳು. ತಿಂಗಳಿಗೆ ಎರಡು ಸಲವಾದರೂ ಅತ್ತೆ, ಮಾವ ಜೊತೆಗೆ ಬರುತ್ತಾರೆ. ವೋಲ್ವೊ ಎಕ್ಸ್‌ಸಿ90, ಬಿಎಂಡಬ್ಲ್ಯು ಎಕ್ಸ್5, ಮರ್ಸಿಡಿಸ್ ಜಿಎಲ್‌ಇ, ಔಡಿ ಕ್ಯೂ7, ಲೆಕ್ಸಸ್ ಆರ್‌ಎಕ್ಸ್, ಈ ಐದರಲ್ಲಿ ಯಾವುದು ಅಂತ ಕೇಳಿದ್ದೀರಿ. ಐದನ್ನೂ ಓಡಿಸಿ ನೋಡಿದ್ದೇನೆ, ಐದೂ ಇಷ್ಟವಾಗಿವೆ, ಅದಕ್ಕೇ ಗೊಂದಲ ಅಂದಿದ್ದೀರಿ.

ಐದೂ ಇಷ್ಟವಾಗುವುದು ಸಹಜ. ಐದರಲ್ಲೂ ನೀವು ಡ್ರೈವರ್ ಸೀಟಿನಲ್ಲೇ ಕೂತಿರಿ. ಈ ಮಟ್ಟದ ಗಾಡಿಗಳಲ್ಲಿ ಆ ಒಂದು ಸೀಟು ಕೆಟ್ಟದಾಗಿರುವುದೇ ಇಲ್ಲ. ಆದರೆ ನಿಮ್ಮ ಮನೆಯಲ್ಲಿ ಆರು ಜನ. ಅದರಲ್ಲಿ ನಾಲ್ವರು ಕೂರುವುದು ಹಿಂದೆ. ಅವರು ಕೂತು ನೋಡಿದರೆ ಮಾತ್ರ ಈ ಐದು ಗಾಡಿಗಳ ನಡುವಿನ ವ್ಯತ್ಯಾಸ ಕಾಣುತ್ತದೆ.

ಇದನ್ನು ನಾನು ಹಣ ಕೊಟ್ಟು ಕಲಿತೆ. ನಮ್ಮ ಮೊದಲ ದೊಡ್ಡ ಗಾಡಿ ಏಳು ಸೀಟಿನದು. ಏಳು ಸೀಟು ಇದೆ ಅಂತಲೇ ತಗೊಂಡಿದ್ದು. ಮನೆಗೆ ತಂದು ಎರಡು ಚೈಲ್ಡ್ ಸೀಟುಗಳನ್ನು ನಡುವಿನ ಸಾಲಿಗೆ ಹಾಕಿದ ಮೇಲೆ ಗೊತ್ತಾಯಿತು, ಮೂರನೇ ಸಾಲಿಗೆ ಹೋಗಲು ದಾರಿಯೇ ಇಲ್ಲ. ಹಿಂದಕ್ಕೆ ಹೋಗಬೇಕಾದರೆ ನಡುವಿನ ಸೀಟು ಮಡಚಿ ಮುಂದಕ್ಕೆ ಸರಿಯಬೇಕು. ಅದರ ಮೇಲೆ ಚೈಲ್ಡ್ ಸೀಟು ಕೂತಿದ್ದರೆ ಅದು ಮಡಚುವುದಿಲ್ಲ. ನಮ್ಮ ಅಮ್ಮ ಬಂದಾಗಲೆಲ್ಲ ಒಂದು ಸೀಟು ಬಿಚ್ಚಿ, ಅವರನ್ನು ಹಿಂದೆ ಹತ್ತಿಸಿ, ಮತ್ತೆ ಸೀಟು ಕಟ್ಟುತ್ತಿದ್ದೆವು. ಮೊಣಕಾಲು ನೋವಿದ್ದ ಅಮ್ಮ ಒಂದು ದಿನ "ನೀವು ಹೋಗಿಬನ್ನಿ, ನಾನು ಮನೇಲೇ ಇರ್ತೀನಿ" ಅಂದರು. ಅವರಿಗಾಗಿಯೇ ತಗೊಂಡ ಗಾಡಿ ಅದು. ಆ ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಅದಕ್ಕೆ ಮೊದಲು ಒಂದು ಕಾಗದ ತಗೊಳ್ಳಿ. ಯಾರು ಎಲ್ಲಿ ಕೂರುತ್ತಾರೆ ಅಂತ ಬರೆಯಿರಿ. ನಿಮ್ಮ ಮನೆಗೆ ನನಗೆ ತೋಚಿದ್ದು ಹೀಗೆ: ಮುಂದೆ ಓಡಿಸುವವರು ಮತ್ತು ಮಾವ. ನಡುವಿನ ಸಾಲಿನಲ್ಲಿ ರಸ್ತೆಯ ಕಡೆಗೆ ಚಿಕ್ಕ ಮಗುವಿನ ಸೀಟು, ಫುಟ್‌ಪಾತ್ ಕಡೆಗೆ ಅತ್ತೆ, ಮಧ್ಯೆ ನಿಮ್ಮಿಬ್ಬರಲ್ಲಿ ಇನ್ನೊಬ್ಬರು. ಮೂರನೇ ಸಾಲಿಗೆ ಏಳು ವರ್ಷದ ಮಗು. ಅದು ಸಲೀಸಾಗಿ ಹತ್ತಿ ಹೋಗುತ್ತದೆ, ತನ್ನದೇ ಜಾಗ ಅಂತ ಖುಷಿಯೂ ಪಡುತ್ತದೆ. ಫುಟ್‌ಪಾತ್ ಕಡೆಯ ಸೀಟಿನಲ್ಲಿ ಚೈಲ್ಡ್ ಸೀಟು ಇಲ್ಲದಿರುವುದರಿಂದ ಅದು ಮಡಚುತ್ತದೆ, ದಾರಿ ಬಿಡುತ್ತದೆ. ಹಿಂದೆ ಕೂರುವ ಮಗುವಿಗೂ ಬೂಸ್ಟರ್, ಅಂದರೆ ಮಗುವನ್ನು ಎತ್ತರಿಸಿ ಕೂರಿಸುವ ಸೀಟು ಬೇಕು. ಬೂಸ್ಟರ್ ಮೇಲೆ ಕೂತಾಗ ತಲೆಗೆ ಹೆಡ್‌ರೆಸ್ಟ್ ಸಿಗುತ್ತದೆಯೇ, ಬೆಲ್ಟ್ ಕುತ್ತಿಗೆಗೆ ತಾಗದೆ ಭುಜದ ಮೇಲೆ ಹಾದುಹೋಗುತ್ತದೆಯೇ, ಹಿಂದಿನ ಗಾಜಿಗೂ ತಲೆಗೂ ಎಷ್ಟು ಅಂತರ ಇದೆ, ಪಕ್ಕದ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನವರೆಗೂ ಬರುತ್ತದೆಯೇ ಅಂತ ನೋಡಿಕೊಳ್ಳಿ.

ಈ ಕಾಗದ ಮುಂದಿಟ್ಟುಕೊಂಡರೆ ನಿಮ್ಮ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ಈಗಿನ ಲೆಕ್ಸಸ್ ಆರ್‌ಎಕ್ಸ್‌ನಲ್ಲಿ ಇರುವುದು ಐದೇ ಸೀಟು. ಹಿಂದಿನ ತಲೆಮಾರಿನಲ್ಲಿ ಉದ್ದ ಮಾಡಿದ ಒಂದು ಆರ್‌ಎಕ್ಸ್ ಎಲ್ ಇತ್ತು, ಮೂರು ಸಾಲಿನದು. ಈಗ ಅದಿಲ್ಲ. ಒಳ್ಳೆಯ ಗಾಡಿಯೇ, 2005ರಲ್ಲೇ ಆರ್‌ಎಕ್ಸ್ 400ಎಚ್ ಅಂತ ಹೈಬ್ರಿಡ್ ತಂದವರು ಅವರು, ಆ ಕೆಲಸದಲ್ಲಿ ಪಳಗಿದ್ದಾರೆ. ಆದರೆ ಆರು ಜನ ಹಿಡಿಸುವುದಿಲ್ಲ. ಎಕ್ಸ್5 ಮತ್ತು ಜಿಎಲ್‌ಇಗಳಲ್ಲಿ ಮೂರನೇ ಸಾಲು ಹಾಕಿಸಿಕೊಳ್ಳಬಹುದು. ಎರಡೂ ಸುಮಾರು 4.92 ಮೀಟರ್ ಉದ್ದ. ಅಷ್ಟರಲ್ಲಿ ಮೂರು ಸಾಲು ಅಂದರೆ ಹಿಂದಿನದು ಇಕ್ಕಟ್ಟು. ಚಿಕ್ಕ ಮಕ್ಕಳಿಗೆ ಸ್ವಲ್ಪ ದೂರಕ್ಕೆ ಪರವಾಗಿಲ್ಲ, ದೊಡ್ಡವರಿಗೆ ಬೇಡ. ಎಕ್ಸ್‌ಸಿ90 ಸುಮಾರು 4.95 ಮೀಟರ್, ಅಂದರೆ ಮೂರು ಸೆಂಟಿಮೀಟರ್ ಮಾತ್ರ ಜಾಸ್ತಿ. ಆದರೆ ಅದನ್ನು ಮೊದಲಿನಿಂದಲೇ ಏಳು ಸೀಟಿನ ಗಾಡಿ ಅಂತ ಯೋಚಿಸಿ ಕಟ್ಟಿದ್ದಾರೆ. ಹಿಂದಿನ ಸಾಲಿನಲ್ಲಿ 170 ಸೆಂಟಿಮೀಟರ್ ಎತ್ತರದವರೂ ಕೂರಬಹುದು ಅಂತ ಕಂಪನಿಯೇ ಹೇಳುತ್ತದೆ. ನಡುವಿನ ಸಾಲಿನ ಮೂರೂ ಸೀಟುಗಳು ಬೇರೆಬೇರೆಯಾಗಿ ಹಿಂದೆ ಮುಂದೆ ಸರಿಯುತ್ತವೆ. ಕ್ಯೂ7 ಐದು ಮೀಟರಿಗಿಂತ ಉದ್ದ, ನಡುವಿನ ಸಾಲು ಅಗಲ. ಹಲವು ಮಾರುಕಟ್ಟೆಗಳಲ್ಲಿ ಆ ಸಾಲಿನ ಮೂರೂ ಸೀಟಿಗೆ ಚೈಲ್ಡ್ ಸೀಟು ಸಿಕ್ಕಿಸುವ ಐಸೊಫಿಕ್ಸ್ ಕೊಕ್ಕೆ ಸಿಗುತ್ತದೆ. ನಿಮಗೆ ಮುಂದೆ ಮೂರನೇ ಮಗು ಆಗುವ ಯೋಚನೆ ಇದ್ದರೆ ಇದು ದೊಡ್ಡ ವಿಷಯ.

ಐಸೊಫಿಕ್ಸ್ ಅಂದರೆ ಸೀಟಿನ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಇರುವ ಎರಡು ಲೋಹದ ಕೊಕ್ಕೆಗಳು, 28 ಸೆಂಟಿಮೀಟರ್ ಅಂತರದಲ್ಲಿ. ಹೇಳುವುದಕ್ಕೆ ಈ ಐದೂ ಗಾಡಿಗಳಲ್ಲಿ ಇವೆ. ಕೈ ಹಾಕಿ ನೋಡಿ. ಕೆಲವದರಲ್ಲಿ ಮುಚ್ಚಳ ತೆಗೆದರೆ ಎದುರಿಗೇ ಸಿಗುತ್ತವೆ, ಕೆಲವದರಲ್ಲಿ ದಪ್ಪ ಚರ್ಮದ ಒಳಗೆ ಹುದುಗಿಕೊಂಡು ಬೆರಳು ತರಚುತ್ತವೆ. ಪಕ್ಕದಲ್ಲೇ ಬೆಲ್ಟಿನ ಬಕಲ್ ಇರುತ್ತದೆ. ಮಗುವಿನ ಸೀಟು ಹಾಕಿದ ಮೇಲೆ ಮಧ್ಯದಲ್ಲಿ ಕೂತವರ ಕೈಗೆ ಆ ಬಕಲ್ ಎಟಕುತ್ತದೆಯೇ? ಎಟಕದಿದ್ದರೆ ಆ ಸೀಟು ಇದ್ದೂ ಇಲ್ಲದಂತೆ.

ನಿಮ್ಮ ಚಿಕ್ಕ ಮಗು ಇನ್ನೂ ಹಿಮ್ಮುಖ ಸೀಟಿನಲ್ಲಿ ಕೂರುತ್ತಿದ್ದರೆ ದಯವಿಟ್ಟು ಹಾಗೇ ಮುಂದುವರಿಸಿ. ಚೈಲ್ಡ್ ಸೀಟುಗಳ ಬಗ್ಗೆ ಯುರೋಪಿನ ಆರ್129 ನಿಯಮ ಕೇಳುವುದು ಕನಿಷ್ಠ 15 ತಿಂಗಳು. ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೂ ಹಿಮ್ಮುಖವಾಗಿ ಕೂರಿಸುವ ರೂಢಿ ಇದೆ. ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ, ಕುತ್ತಿಗೆ ಎಳಸು. ಎದುರಿನಿಂದ ಡಿಕ್ಕಿಯಾದಾಗ ಹಿಮ್ಮುಖ ಸೀಟಿನ ಬೆನ್ನು ಆ ಹೊಡೆತವನ್ನು ಇಡೀ ಬೆನ್ನಿಗೆ ಹಂಚುತ್ತದೆ. ಆದರೆ ಹಿಮ್ಮುಖ ಸೀಟು ಉದ್ದಕ್ಕೆ ತುಂಬಾ ಜಾಗ ತಿನ್ನುತ್ತದೆ. ಅದರ ಮುಂದಿನ ಸೀಟು ಮುಂದಕ್ಕೆ ಸರಿಯಲೇಬೇಕು. ನಾನು ಬರೆದ ಕ್ರಮದಲ್ಲಿ ಆ ಸೀಟು ಡ್ರೈವರ್ ಹಿಂದೆ ಬರಬಹುದು. ಓಡಿಸುವವರು ಎತ್ತರದವರಾದರೆ ಸ್ಟಿಯರಿಂಗ್‌ಗೆ ಎದೆ ತಾಗುವಷ್ಟು ಹತ್ತಿರ ಕೂರಬೇಕಾದೀತು, ಅದು ಸರಿಯಲ್ಲ. ಹಾಗಾಗಿ ನಿಮ್ಮದೇ ಸೀಟನ್ನು ಶೋರೂಮಿಗೆ ಹೊತ್ತುಕೊಂಡು ಹೋಗಿ ಹಾಕಿ ನೋಡಿ. ಎರಡನೇ ಗಾಡಿ ತಗೊಳ್ಳುವಾಗ ನಾವು ಹಾಗೇ ಮಾಡಿದೆವು. ಮಾರುವವರು ಬೇಡ ಅನ್ನಲಿಲ್ಲ, ಅವರೇ ಬಂದು ಕೊಕ್ಕೆ ಹುಡುಕಿಕೊಟ್ಟರು.

ವೋಲ್ವೊದಲ್ಲಿ ಇನ್ನೊಂದು ಅನುಕೂಲ ಇದೆ. ನಡುವಿನ ಸಾಲಿನ ಮಧ್ಯದ ಸೀಟಿನಲ್ಲೇ ಮಡಚುವ ಬೂಸ್ಟರ್ ಹಾಕಿಸಿಕೊಳ್ಳಬಹುದು. ಅತ್ತೆ ಮಾವ ಇಲ್ಲದ ದಿನ ದೊಡ್ಡ ಮಗು ಅಲ್ಲೇ ಕೂರುತ್ತದೆ, ಬೇರೆ ಬೂಸ್ಟರ್ ಹೊರುವ ಕೆಲಸ ಇಲ್ಲ. ಮಧ್ಯದಿಂದ ಎದುರಿನ ರಸ್ತೆಯೂ ಕಾಣುತ್ತದೆ. ವಾಂತಿ ಮಾಡುವ ಮಕ್ಕಳಿಗೆ ರಸ್ತೆ ಕಾಣುವುದು ಎಷ್ಟು ಮುಖ್ಯ ಅಂತ ನಿಮಗೆ ಗೊತ್ತಿರಬಹುದು.

ವಾಂತಿ ಅಂದಾಗ ಚಕ್ರದ ಮಾತು ಬರಲೇಬೇಕು. ದೊಡ್ಡ ರಿಮ್ ನೋಡಲು ಚಂದ, ಎಲ್ಲರೂ ಅದನ್ನೇ ತೋರಿಸುತ್ತಾರೆ. ಟೈರಿನ ಪಕ್ಕದಲ್ಲಿ, ಉದಾಹರಣೆಗೆ, 235/55 ಆರ್19 ಅಂತ ಬರೆದಿರುತ್ತದೆ. ಕೊನೆಯ 19 ಅಂದರೆ ರಿಮ್ ಎಷ್ಟು ಇಂಚಿನದು ಅಂತ. 235 ಅನ್ನುವುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 55 ಅಂದರೆ ರಬ್ಬರಿನ ಎತ್ತರ ಆ ಅಗಲದ ಶೇಕಡ 55ರಷ್ಟು. ಗುಣಿಸಿದರೆ 129 ಮಿಲಿಮೀಟರ್. ಅದೇ ಗಾಡಿಗೆ 22 ಇಂಚಿನ ರಿಮ್ ಹಾಕಿಸಿದರೆ ಟೈರ್ 275/35 ಆಗುತ್ತದೆ, ರಬ್ಬರಿನ ಎತ್ತರ 96 ಮಿಲಿಮೀಟರಿಗೆ ಇಳಿಯುತ್ತದೆ. ರಸ್ತೆಯ ಗುಂಡಿಗೂ ನಿಮ್ಮ ಮಗುವಿನ ಹೊಟ್ಟೆಗೂ ನಡುವೆ ಇರುವ ಮೊದಲ ಮೆತ್ತೆ ಅದು. ಅದರಲ್ಲಿ ಕಾಲು ಭಾಗ ಹೋಯಿತು ಅಲ್ವಾ? ರಿಮ್ ಬಡಿದು ಬಾಗುವ ಭಯವೂ ಜಾಸ್ತಿ. ಯಾವ ಗಾಡಿ ತಗೊಂಡರೂ ಅದಕ್ಕೆ ಸಿಗುವ ಅತಿ ಚಿಕ್ಕ ರಿಮ್ ಕೇಳಿ. ಟೆಸ್ಟ್ ಡ್ರೈವ್ ಗಾಡಿಗೆ ಎಷ್ಟು ಇಂಚಿನದು ಹಾಕಿದ್ದಾರೆ ಅಂತಲೂ ನೋಡಿ, ಇಲ್ಲದಿದ್ದರೆ ಹೋಲಿಕೆಯೇ ತಪ್ಪಾಗುತ್ತದೆ. ಸ್ಪ್ರಿಂಗ್ ಬದಲು ಗಾಳಿ ಚೀಲಗಳ ಮೇಲೆ ಗಾಡಿ ನಿಲ್ಲಿಸುವ ಏರ್ ಸಸ್ಪೆನ್ಷನ್ ಸಿಕ್ಕರೆ ಒಳ್ಳೆಯದು. ಗಾಡಿ ತಗ್ಗುವುದರಿಂದ ಅತ್ತೆಗೆ ಹತ್ತುವುದು ಸುಲಭ. ಆದರೆ ವಾರಂಟಿ ಮುಗಿದ ಮೇಲೆ ಅದರ ರಿಪೇರಿ ದುಬಾರಿ, ಹತ್ತು ವರ್ಷ ಇಟ್ಟುಕೊಳ್ಳುವ ಆಸೆ ಇದ್ದರೆ ಯೋಚಿಸಿ.

ಪ್ಲಗ್-ಇನ್ ಹೈಬ್ರಿಡ್, ಅಂದರೆ ಇಂಜಿನ್ ಜೊತೆಗೆ ಮನೆಯಲ್ಲಿ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಗಾಡಿ ಬೇಕು ಅಂತಲೂ ಬರೆದಿದ್ದೀರಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ದೊಡ್ಡ ಬ್ಯಾಟರಿಗೆ ಎಲ್ಲಾದರೂ ಜಾಗ ಬೇಕು. ಎಕ್ಸ್5, ಜಿಎಲ್‌ಇ, ಕ್ಯೂ7 ಮೂರರಲ್ಲೂ ಪ್ಲಗ್-ಇನ್ ಬೇಕೆಂದರೆ ಮೂರನೇ ಸಾಲು ಬಿಡಬೇಕು. ಎಕ್ಸ್‌ಸಿ90ರ ಪ್ಲಗ್-ಇನ್ ಮಾದರಿಯಾದ ಟಿ8ರಲ್ಲಿ ಬ್ಯಾಟರಿಯನ್ನು ಗಾಡಿಯ ನಡುವಿನ ಉದ್ದನೆಯ ಟನಲ್‌ನಲ್ಲಿ ಇಟ್ಟಿದ್ದಾರೆ, ಹಾಗಾಗಿ ಏಳು ಸೀಟೂ ಉಳಿಯುತ್ತವೆ. ಪ್ಲಗ್-ಇನ್ ಮತ್ತು ಆರು ಜನ, ಎರಡೂ ಬೇಕು ಅಂದರೆ ನಿಮ್ಮ ಪಟ್ಟಿಯಲ್ಲಿ ಉಳಿಯುವುದು ಅದೊಂದೇ. ಮನೆಯಲ್ಲಿ ಚಾರ್ಜ್ ಮಾಡುವ ವ್ಯವಸ್ಥೆ ಇಲ್ಲದಿದ್ದರೆ ಮಾತ್ರ ಪ್ಲಗ್-ಇನ್ ಬೇಡ. ಸುಮ್ನೆ ಬ್ಯಾಟರಿಯ ಭಾರ ಹೊತ್ತುಕೊಂಡು ಪೆಟ್ರೋಲಿನಲ್ಲಿ ಓಡಿಸಿದ ಹಾಗಾಗುತ್ತದೆ. ಎಕ್ಸ್5ರ ಪ್ಲಗ್-ಇನ್ ಸುಮಾರು 2.5 ಟನ್ ತೂಗುತ್ತದೆ.

ತೂಕದ ಲೆಕ್ಕ ಇನ್ನೂ ಒಂದಿದೆ. ಜನ ಮತ್ತು ಸಾಮಾನು ಸೇರಿ ಗಾಡಿ ಎಷ್ಟು ಹೊರಬಹುದು ಅನ್ನುವುದು ಬಾಗಿಲ ಬಳಿಯ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಇರುತ್ತದೆ. ನಾಲ್ವರು ದೊಡ್ಡವರು, ಇಬ್ಬರು ಮಕ್ಕಳು, ಅವರ ಸೀಟುಗಳು, ಪೆಟ್ಟಿಗೆಗಳು, ಎಲ್ಲ ಕೂಡಿಸಿ ಅದಕ್ಕೆ ಹೋಲಿಸಿ. ಮೂರನೇ ಸಾಲು ಎತ್ತಿ ನಿಲ್ಲಿಸಿದಾಗ ಹಿಂದೆ ಉಳಿಯುವ ಜಾಗಕ್ಕೆ ನಿಮ್ಮ ಮಗುವಿನ ತಳ್ಳುಗಾಡಿ ಹಿಡಿಸುತ್ತದೆಯೇ ಅಂತಲೂ ಇಟ್ಟೇ ನೋಡಬೇಕು. ಸಾಮಾನಿನ ಜಾಗಕ್ಕೆ ಕಂಪನಿ ಹೇಳುವ ಲೀಟರ್ ಲೆಕ್ಕ ನಂಬಬೇಡಿ, ಅದು ಸಾಮಾನ್ಯವಾಗಿ ಮೂರನೇ ಸಾಲು ಮಡಚಿದಾಗಿನದು.

ಸುರಕ್ಷತೆ ಬಗ್ಗೆ: ಐದೂ ಗಟ್ಟಿ ಗಾಡಿಗಳೇ. ಆದರೆ ಡಿಕ್ಕಿ ಪರೀಕ್ಷೆಯಲ್ಲಿ ಕೊಟ್ಟ ನಕ್ಷತ್ರ ಎಣಿಸಿ ನಿಲ್ಲಬೇಡಿ. ಪರೀಕ್ಷೆ ನಡೆದ ವರ್ಷ ನೋಡಿ, ನಿಯಮಗಳು ಕಠಿಣವಾಗುತ್ತಾ ಬಂದಿವೆ. ಗಾಡಿಗಳ ಸುರಕ್ಷತೆ ಪರೀಕ್ಷಿಸುವ ಅಮೆರಿಕದ ಐಐಎಚ್‌ಎಸ್ ಸಂಸ್ಥೆ 2022ರಲ್ಲಿ ಎದುರಿನ ಡಿಕ್ಕಿಯ ತನ್ನ ಹಳೆಯ ಪರೀಕ್ಷೆಯನ್ನು ಬದಲಿಸಿ, ಡ್ರೈವರ್ ಹಿಂದಿನ ಸೀಟಿನಲ್ಲೂ ಒಂದು ಗೊಂಬೆ ಕೂರಿಸಿತು, ಸುಮಾರು 12 ವರ್ಷದ ಮಗುವಿನ ಗಾತ್ರದ್ದು. ಮುಂದೆ ಕೂತವರನ್ನು ಚೆನ್ನಾಗಿ ಕಾಪಾಡುವ ಹಲವು ಗಾಡಿಗಳು ಹಿಂದೆ ಕೂತವರ ವಿಷಯದಲ್ಲಿ ಹಿಂದೆ ಬಿದ್ದದ್ದು ಆಗ ಕಂಡಿತು. ಮುಂದಿನ ಬೆಲ್ಟುಗಳಲ್ಲಿ ಡಿಕ್ಕಿಯಾದ ಕ್ಷಣದಲ್ಲೇ ಬಿಗಿಯುವ ಪ್ರಿಟೆನ್ಷನರ್, ಆಮೇಲೆ ಎದೆಗೆ ಒತ್ತದಂತೆ ಸ್ವಲ್ಪ ಸಡಿಲ ಬಿಡುವ ಲೋಡ್ ಲಿಮಿಟರ್ ಇರುತ್ತವೆ. ಹಿಂದಿನ ಬೆಲ್ಟುಗಳಲ್ಲಿ ಇವೆಯೇ, ಮೂರನೇ ಸಾಲಿನಲ್ಲೂ ಇವೆಯೇ ಅಂತ ಕೇಳಿ. ಉತ್ತರ ಗೊತ್ತಿಲ್ಲ ಅಂದರೆ ತಿಳಿದು ಹೇಳುವವರೆಗೂ ಮುಂಗಡ ಕೊಡಬೇಡಿ.

ಒಳಗಿನ ಪರದೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜಿಎಲ್‌ಇಯಲ್ಲಿ ಎಸಿಗೆ ನಿಜವಾದ ಗುಂಡಿಗಳಿವೆ, ಆರ್‌ಎಕ್ಸ್‌ನಲ್ಲಿ ತಿರುಗಿಸುವ ಗುಂಡಿ ಇದೆ. ಎಕ್ಸ್‌ಸಿ90ರಲ್ಲಿ ಎಸಿ ಇರುವುದು ಪರದೆಯೊಳಗೆ. 2023ರಲ್ಲಿ ಬದಲಾದ ಎಕ್ಸ್5ರಲ್ಲೂ ಹಾಗೇ. ಹಿಂದೆ ಮಗು ಅಳುತ್ತಿರುವಾಗ ಪರದೆಯಲ್ಲಿ ಹುಡುಕುವುದು ಕಷ್ಟ. ಇದನ್ನು ನಿಂತ ಗಾಡಿಯಲ್ಲಿ ಅಲ್ಲ, ಓಡುವ ಗಾಡಿಯಲ್ಲಿ ನೋಡಿ.

ನನ್ನ ಆಯ್ಕೆ ಕೇಳಿದರೆ, ನಿಮ್ಮ ಮನೆಗೆ ಮೊದಲು ಎಕ್ಸ್‌ಸಿ90, ಆಮೇಲೆ ಕ್ಯೂ7. ಎಕ್ಸ್‌ಸಿ90ರ ಕೊರತೆಗಳೂ ಗೊತ್ತಿರಲಿ. 2014ರಲ್ಲಿ ಬಂದ ವಿನ್ಯಾಸ, ಆಮೇಲೆ ಹಲವು ಸಲ ತಿದ್ದಿದ್ದಾರೆ. ಇರುವುದು ಎರಡು ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್ ಮಾತ್ರ, ಪೂರ್ತಿ ಜನ ತುಂಬಿ ಏರು ಹತ್ತುವಾಗ ಅದರ ಸದ್ದು ಕೇಳುತ್ತದೆ. ಎಕ್ಸ್5ರ ಆರು ಸಿಲಿಂಡರ್ ಇಂಜಿನ್ನಿನ ನಯ ಇದಕ್ಕಿಲ್ಲ. ಓಡಿಸುವ ಖುಷಿಯೇ ಮುಖ್ಯವಾಗಿದ್ದು, ಅತ್ತೆ ಮಾವ ಬಂದಾಗ ಇನ್ನೊಂದು ಗಾಡಿ ತೆಗೆಯಲು ಆಗುತ್ತದೆ ಅಂದರೆ ಎಕ್ಸ್5 ತಗೊಳ್ಳಿ, ಖಂಡಿತ ಬೇಸರವಾಗುವುದಿಲ್ಲ. ಕ್ಯೂ7 ಆದರೆ ಮೊದಲು ನಿಮ್ಮ ಪಾರ್ಕಿಂಗ್ ಜಾಗ ಅಳೆಯಿರಿ, ಹಿಂದಿನ ಬಾಗಿಲು ತೆರೆಯಲು ಬೇಕಾದ ಜಾಗವನ್ನೂ ಸೇರಿಸಿ.

ಮುಂದಿನ ಸಲ ಶೋರೂಮಿಗೆ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಇಬ್ಬರು ಮಕ್ಕಳು, ಎರಡು ಸೀಟು, ತಳ್ಳುಗಾಡಿ, ಒಂದು ಅಳತೆ ಟೇಪು. ಓಡಿಸುವುದನ್ನು ಬೇರೆಯವರಿಗೆ ಬಿಟ್ಟು ನೀವು ಅರ್ಧ ಗಂಟೆ ನಡುವಿನ ಸಾಲಿನ ಮಧ್ಯದ ಸೀಟಿನಲ್ಲಿ ಕೂತುಕೊಳ್ಳಿ, ಒಂದಷ್ಟು ಹಂಪ್‌ಗಳಿರುವ ರಸ್ತೆಯಲ್ಲಿ. ಹೋಗಿಬಂದ ಮೇಲೆ ಇಲ್ಲೇ ಬರೆಯಿರಿ. ಚಿಕ್ಕ ಮಗುವಿನ ಸೀಟಿನ ಅಗಲ ಎಷ್ಟು ಸೆಂಟಿಮೀಟರ್ ಅಂತಲೂ ಹೇಳಿದರೆ, ಅದರ ಪಕ್ಕ ಇನ್ನಿಬ್ಬರು ಹಿಡಿಸುತ್ತಾರೋ ಇಲ್ಲವೋ ಅಂತ ಇಬ್ಬರೂ ಸೇರಿ ಲೆಕ್ಕ ಹಾಕೋಣ.