ಟೆಕ್ಸಸ್ ಚಾರ್ಟರ್ ಶಾಲೆಯ ಕೆಲಸ: ಗಂಡನ ಕಂಪನಿಯ ಇನ್ಶೂರೆನ್ಸ್ ಬಿಟ್ಟು ಶಾಲೆಯದ್ದಕ್ಕೆ ಬರಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದಂತೆ ಹೀಗಿದೆ: ಎಚ್-4 ಇಎಡಿ (ಎಚ್-1ಬಿಯವರ ಸಂಗಾತಿಗೆ ಸಿಗುವ ಕೆಲಸದ ಪರವಾನಗಿ) ಮೇಲೆ ಡಲ್ಲಾಸ್ ಹತ್ತಿರದ ಚಾರ್ಟರ್ ಶಾಲೆಯಲ್ಲಿ ಕೆಲಸ ಸಿಕ್ಕಿದೆ, ಆಫರ್ ಲೆಟರಿನಲ್ಲಿ 'ಪೂರ್ಣ ಸೌಲಭ್ಯ' ಎಂದಷ್ಟೇ ಬರೆದಿದೆ, ಹೇಗೂ ಸರ್ಕಾರಿ ಶಾಲೆ, ಹಾಗಾಗಿ ಗಂಡ, ಇಬ್ಬರು ಮಕ್ಕಳ ಸಮೇತ ಇದಕ್ಕೇ ಬಂದುಬಿಡೋಣವೇ?

ಗಂಡ ಮತ್ತು ಮಕ್ಕಳನ್ನು ಈಗಿರುವ ಕಡೆಯೇ ಬಿಡಿ. ನಿಮ್ಮೊಬ್ಬರದ್ದನ್ನು ಲೆಕ್ಕ ಹಾಕಿ ನೋಡಿ. ಮೆಡಿಕಲ್ ಎಲ್ಲೇ ಇರಲಿ, ಶಾಲೆಯ ಲಾಂಗ್-ಟರ್ಮ್ ಡಿಸಬಿಲಿಟಿ ಇನ್ಶೂರೆನ್ಸನ್ನು (ಕಾಯಿಲೆ, ಅಪಘಾತದಿಂದ ಬಹಳ ಕಾಲ ದುಡಿಯಲಾಗದಿದ್ದರೆ ಸಂಬಳದ ಒಂದು ಪಾಲು ಕೊಡುವ ವಿಮೆ) ಮಾತ್ರ ತಪ್ಪದೆ ತೆಗೆದುಕೊಳ್ಳಿ.

ಚಾರ್ಟರ್ ಶಾಲೆ ಸರ್ಕಾರದ ದುಡ್ಡಲ್ಲಿ ನಡೆಯುತ್ತದೆ, ಫೀಸಿಲ್ಲ. ಆದರೆ ನಮ್ಮ ಅನುದಾನಿತ ಶಾಲೆಗಳ ಹಾಗೆ ಆಡಳಿತ ಮಂಡಳಿ ಬೇರೆ. ಟೆಕ್ಸಸ್‌ನಲ್ಲಿ ಅದು ಬಹುಪಾಲು ಒಂದು ಲಾಭರಹಿತ ಸಂಸ್ಥೆ. ಯಾವ ಇನ್ಶೂರೆನ್ಸ್ ಕೊಡಬೇಕೆಂದು ತೀರ್ಮಾನಿಸುವುದೂ ಅದೇ. ಕೆಲವು ಶಾಲೆಗಳು ಶಿಕ್ಷಕರ ನಿವೃತ್ತಿ ವ್ಯವಸ್ಥೆಯಾದ ಟಿಆರ್‌ಎಸ್ ನಡೆಸುವ ಆರೋಗ್ಯ ವಿಮೆಯಾದ ಆಕ್ಟಿವ್‌ಕೇರ್‌ಗೆ ಸೇರಿವೆ, ಕೆಲವು ಮಾರುಕಟ್ಟೆಯಲ್ಲಿ ಬೇರೆ ಪ್ಲ್ಯಾನ್ ಕೊಂಡಿವೆ. ಆದ್ದರಿಂದ ಪಕ್ಕದ ಡಿಸ್ಟ್ರಿಕ್ಟ್ (ಸ್ಥಳೀಯ ಸರ್ಕಾರಿ) ಶಾಲೆಯ ಗೆಳತಿಗೆ ಏನು ಸಿಗುತ್ತದೆ ಅನ್ನುವುದರಿಂದ ನಿಮ್ಮದು ತಿಳಿಯುವುದಿಲ್ಲ. ಆಕ್ಟಿವ್‌ಕೇರ್ ಆದರೆ ರಾಜ್ಯದ 75 ಡಾಲರ್, ಶಾಲೆಯ 150 ಡಾಲರ್ ಸೇರಿ ತಿಂಗಳಿಗೆ ಕನಿಷ್ಠ 225 ಡಾಲರ್ ನಿಮ್ಮ ಪರವಾಗಿ ಕಟ್ಟಲಾಗುತ್ತದೆ. ಇದು ಉದ್ಯೋಗಿಯೊಬ್ಬರಿಗೆ ನಿಗದಿಯಾದ ಕನಿಷ್ಠ ಮೊತ್ತ; ಮನೆಯವರನ್ನು ಸೇರಿಸಿದರೆ ತಾನಾಗಿ ಏರುವುದಿಲ್ಲ.

ಪೆಟ್ಟು ಬೀಳುವುದು ಇಲ್ಲೇ. ಲೆಕ್ಕಕ್ಕೆ ಒಂದಿಷ್ಟು ಅಂಕಿ ಹಿಡಿಯೋಣ: ಒಬ್ಬರ ಪ್ರೀಮಿಯಂ ತಿಂಗಳಿಗೆ 500, ಕುಟುಂಬದ್ದು 1,700, ಶಾಲೆ ಕೊಡುವುದು 300. ನೀವೊಬ್ಬರೇ ಸೇರಿದರೆ ವರ್ಷಕ್ಕೆ 2,400 ಡಾಲರ್, ನಾಲ್ವರೂ ಸೇರಿದರೆ 16,800. ದೊಡ್ಡ ಐಟಿ ಕಂಪನಿಗಳು ಕುಟುಂಬದ ಪ್ರೀಮಿಯಂನಲ್ಲೂ ದೊಡ್ಡ ಪಾಲು ಹೊರುತ್ತವೆ, ಚಾರ್ಟರ್ ಶಾಲೆಗಳಿಗೆ ಆ ಶಕ್ತಿ ಇರುವುದು ಕಡಿಮೆ. ಇನ್ನೊಂದು ಕಡೆಯಿಂದಲೂ ನೋಡಿ: ಹೆಂಡತಿಗೆ ತನ್ನ ಕೆಲಸದಲ್ಲೇ ಇನ್ಶೂರೆನ್ಸ್ ಸಿಗುವಂತಿದ್ದರೆ ಆಕೆಯನ್ನು ಗಂಡನ ಪ್ಲ್ಯಾನಿನಲ್ಲಿಟ್ಟುಕೊಳ್ಳಲು ಕೆಲವು ಕಂಪನಿಗಳು ಹೆಚ್ಚುವರಿ ಶುಲ್ಕ, ಅಂದರೆ ಸ್ಪೌಸ್ ಸರ್‌ಚಾರ್ಜ್ ಹಾಕುತ್ತವೆ. ಗಂಡನ ಎಚ್ಆರ್‌ಗೆ ಅದನ್ನು ಕೇಳಿದ ಮೇಲೆ ನಿಮ್ಮೊಬ್ಬರ ವಿಷಯ ತೀರ್ಮಾನಿಸಿ.

ಶಾಲೆಯ ಎಚ್ಆರ್‌ನಿಂದ ಎರಡು ಕಾಗದ ತರಿಸಿಕೊಳ್ಳಿ. ಒಂದು, ನಿಮ್ಮ ಸಂಬಳದಿಂದ ಕಡಿತವಾಗುವ ಮೊತ್ತವಿರುವ ರೇಟ್ ಶೀಟ್. ಇನ್ನೊಂದು ಎಸ್‌ಬಿಸಿ ಎನ್ನುವ ಪ್ಲ್ಯಾನ್ ಸಾರಾಂಶ, ಕೊಡಲೇಬೇಕೆಂದು ಕಾನೂನೇ ಇದೆ. ಅದರ ಕೊನೆಯಲ್ಲಿ ಮೂರು ಉದಾಹರಣೆ ಇರುತ್ತವೆ: ಪೆಗ್‌ಗೆ ಹೆರಿಗೆ, ಜೋಗೆ ಮಧುಮೇಹ, ಮಿಯಾಗೆ ಮೂಳೆ ಮುರಿತ. ಎಲ್ಲ ಪ್ಲ್ಯಾನ್‌ಗಳಲ್ಲೂ ಇದೇ ಮೂವರು, ಹಾಗಾಗಿ ಗಂಡನ ಪ್ಲ್ಯಾನಿನ ಎಸ್‌ಬಿಸಿಯನ್ನು ಪಕ್ಕದಲ್ಲಿಟ್ಟು ಪೆಗ್ ಕೈಯಿಂದ ಎಷ್ಟು ಕಟ್ಟುತ್ತಾಳೆ ಅಂತ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅದರಲ್ಲಿ ಪ್ರೀಮಿಯಂ ಸೇರಿರುವುದಿಲ್ಲ, ಅದನ್ನು ನೀವೇ ಕೂಡಿಸಿಕೊಳ್ಳಬೇಕು.

ವರ್ಷದ ಲೆಕ್ಕವನ್ನೂ ಗಮನಿಸಿ. ಆಕ್ಟಿವ್‌ಕೇರ್ ವರ್ಷ ಸೆಪ್ಟೆಂಬರ್ 1ರಿಂದ ಆಗಸ್ಟ್ 31, ಕಂಪನಿಗಳದ್ದು ಸಾಮಾನ್ಯವಾಗಿ ಜನವರಿಯಿಂದ ಡಿಸೆಂಬರ್. ಈ ವರ್ಷದ ಡಿಡಕ್ಟಬಲ್ (ವಿಮೆ ಕೊಡಲು ಶುರುಮಾಡುವ ಮುನ್ನ ನೀವು ಕೈಯಿಂದ ಕಟ್ಟಬೇಕಾದ ಮೊತ್ತ) ಗಂಡನ ಪ್ಲ್ಯಾನಿನಲ್ಲಿ ಆಗಲೇ ತುಂಬಿದ್ದರೆ, ನಡುವೆ ಪ್ಲ್ಯಾನ್ ಬದಲಿಸಿದಾಗ ಮತ್ತೆ ಸೊನ್ನೆಯಿಂದ ಶುರು. ಎಚ್ಎಸ್ಎ (ಚಿಕಿತ್ಸೆಗೆಂದು ತೆರಿಗೆಯಿಲ್ಲದೆ ಹಣ ಕೂಡಿಡುವ ಖಾತೆ) ಇರುವ ಹೈ-ಡಿಡಕ್ಟಬಲ್ ಪ್ಲ್ಯಾನ್ ಆರಿಸುವುದಾದರೆ (2026ಕ್ಕೆ ಒಬ್ಬರ ಪ್ಲ್ಯಾನಿಗೆ ಖಾತೆಗೆ ಹಾಕುವ ಮಿತಿ 4,400 ಡಾಲರ್), ಗಂಡನ ಹೆಸರಲ್ಲಿ ಸಾಮಾನ್ಯ ಮೆಡಿಕಲ್ ಎಫ್ಎಸ್ಎ (ಕಂಪನಿ ಮೂಲಕ ಇಡುವ ವೈದ್ಯಕೀಯ ಖರ್ಚಿನ ಖಾತೆ) ಇರಬಾರದು, ಅವರ ಪಿಪಿಒ ಎಂಬ ಸಾಮಾನ್ಯ ಮೆಡಿಕಲ್ ಪ್ಲ್ಯಾನಿನಲ್ಲಿ ನಿಮ್ಮ ಹೆಸರೂ ಇರಬಾರದು. ಎರಡರಲ್ಲಿ ಒಂದಿದ್ದರೂ ನೀವು ಎಚ್ಎಸ್ಎಗೆ ಹಾಕುವಂತಿಲ್ಲ; ಹಾಕಿದರೆ ದಂಡದ ತೆರಿಗೆ.

ಇನ್ನು ಡಿಸಬಿಲಿಟಿ. ಟೆಕ್ಸಸ್‌ನ ಬಹುತೇಕ ಶಾಲೆಗಳಲ್ಲಿ ಸೋಷಿಯಲ್ ಸೆಕ್ಯುರಿಟಿ (ಫೆಡರಲ್ ಸರ್ಕಾರದ ಪಿಂಚಣಿ ವ್ಯವಸ್ಥೆ) ಕಡಿತವೇ ಇಲ್ಲ. ಟಿಆರ್‌ಎಸ್‌ಗೆ 8.25%, ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ 1.45% ಹೋಗುತ್ತದೆ. ಸೋಷಿಯಲ್ ಸೆಕ್ಯುರಿಟಿಯ ಅಂಗವೈಕಲ್ಯ ಪಿಂಚಣಿಗೆ ಸಾಮಾನ್ಯವಾಗಿ ಕಳೆದ 10 ವರ್ಷಗಳಲ್ಲಿ 5 ವರ್ಷ ಅಲ್ಲಿ ಕಟ್ಟಿರಬೇಕು, ಶಾಲೆಯ ವರ್ಷಗಳು ಅದಕ್ಕೆ ಸೇರುವುದಿಲ್ಲ. ಟಿಆರ್‌ಎಸ್ ಇದೆಯಲ್ಲ ಅನ್ನುತ್ತೀರಾ? 10 ವರ್ಷ ಸೇವೆ ತುಂಬದವರಿಗೆ ಅದು ಕೊಡುವುದು ತಿಂಗಳಿಗೆ 150 ಡಾಲರ್, ಅದೂ ಎಷ್ಟು ತಿಂಗಳು ಕೆಲಸ ಮಾಡಿದ್ದೀರೋ ಹೆಚ್ಚೆಂದರೆ ಅಷ್ಟೇ ತಿಂಗಳು. ಮೂರು ವರ್ಷ ಪಾಠ ಮಾಡಿದ ಶಿಕ್ಷಕಿಗೆ ಸ್ಟ್ರೋಕ್ ಆದರೆ 36 ತಿಂಗಳು ನೂರೈವತ್ತು ಡಾಲರ್! ಇದು ಗೊತ್ತಿಲ್ಲದೆ ಎಷ್ಟೋ ಜನ ಶಾಲೆಯ ಡಿಸಬಿಲಿಟಿ ಇನ್ಶೂರೆನ್ಸ್ ಫಾರ್ಮಿನಲ್ಲಿ 'ಬೇಡ' ಎಂದು ಟಿಕ್ ಮಾಡುತ್ತಾರೆ, ನೋಡಿದರೆ ಸಂಕಟವಾಗುತ್ತದೆ.

ಲಾಂಗ್-ಟರ್ಮ್ ಡಿಸಬಿಲಿಟಿ ಸಾಮಾನ್ಯವಾಗಿ ಸಂಬಳದ 60% ಕೊಡುತ್ತದೆ, 90 ಅಥವಾ 180 ದಿನ ಕಾದ ಮೇಲೆ. ಹೊಸದಾಗಿ ಸೇರುವಾಗ ಬಹಳಷ್ಟು ಕಡೆ ಆರೋಗ್ಯದ ಪ್ರಶ್ನೆ ಕೇಳದೆ ಕೊಡುತ್ತಾರೆ. ಆಗ ಬಿಟ್ಟು ಆಮೇಲೆ ಕೇಳಿದರೆ ಬಿಪಿ, ಶುಗರ್ ಎಲ್ಲ ಎದುರಿಗೆ ಬರುತ್ತದೆ. ಪ್ರೀಮಿಯಂ ಅನ್ನು ತೆರಿಗೆ ಕಳೆದ ಸಂಬಳದಿಂದ ಕಟ್ಟುವಂತಿದ್ದರೆ ಹಾಗೇ ಕಟ್ಟಿ, ಮುಂದೆ ಬರುವ ಹಣಕ್ಕೆ ಫೆಡರಲ್ ಆದಾಯ ತೆರಿಗೆ ಇರುವುದಿಲ್ಲ.

ಮಗುವಿನ ಯೋಚನೆ ಇದ್ದರೆ ಶಾರ್ಟ್-ಟರ್ಮ್ ಡಿಸಬಿಲಿಟಿ ಪಾಲಿಸಿಯನ್ನು (ಹೆರಿಗೆಯಂಥ ಅಲ್ಪಕಾಲದ ಬಿಡುವಿಗೆ ಹಣ ಕೊಡುವುದು) ಗರ್ಭ ನಿಲ್ಲುವ ಮೊದಲೇ ತೆಗೆದುಕೊಂಡಿರಬೇಕು. ಬೇಸಿಗೆ ರಜೆಯಲ್ಲಿ ಹೆರಿಗೆಯಾದರೆ ಹಣ ಬರುತ್ತದೆಯೇ ಎಂದೂ ಕೇಳಿ, ಕೆಲವು ಪಾಲಿಸಿ ಕೊಡುವುದಿಲ್ಲ. ಎಫ್ಎಂಎಲ್ಎ (ಹೆರಿಗೆ, ಕಾಯಿಲೆಗೆ ಕೆಲಸ ಹೋಗದಂತೆ ರಜೆ ಕೊಡುವ ಫೆಡರಲ್ ಕಾನೂನು) ಕೊಡುವ 12 ವಾರಗಳ ರಜೆಗೆ 12 ತಿಂಗಳ ಕೆಲಸ, 1,250 ಗಂಟೆ, ಜೊತೆಗೆ 75 ಮೈಲಿಯೊಳಗೆ ಅದೇ ಸಂಸ್ಥೆಯ 50 ನೌಕರರು ಬೇಕು. ಒಂದೇ ಕ್ಯಾಂಪಸ್ಸಿನ ಸಣ್ಣ ಶಾಲೆ ಈ ಕೊನೆಯ ಷರತ್ತಿನಲ್ಲೇ ಬಿದ್ದುಹೋಗಬಹುದು.

ಕೆಲಸ ಬಿಡುವ ದಿನಾಂಕವೂ ಮುಖ್ಯ. ಮೇ ಕೊನೆಗೆ ರಾಜೀನಾಮೆ ಕೊಟ್ಟರೆ ಕವರೇಜ್ ಆ ತಿಂಗಳಿಗೇ ಮುಗಿಯುತ್ತದೋ ಆಗಸ್ಟ್ 31ರ ತನಕ ಇರುತ್ತದೋ, ಇಮೇಲಿನಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ನಿಂತುಹೋದರೆ ಅದೇ ಪ್ಲ್ಯಾನನ್ನು ಮುಂದುವರಿಸಲು ಕೋಬ್ರಾ ಎಂಬ ಕಾನೂನು ಇದೆ: 18 ತಿಂಗಳವರೆಗೆ, ಪೂರ್ತಿ ಪ್ರೀಮಿಯಂನ 102% ನೀವೇ ಕಟ್ಟಿ, ಆರಿಸಿಕೊಳ್ಳಲು 60 ದಿನ. ಗಂಡನ ಕೆಲಸ ಹೋದರೆ ಅದು ನಿಮ್ಮ ಶಾಲೆಯ ಪ್ಲ್ಯಾನಿಗೆ ಎಲ್ಲರನ್ನೂ ಸೇರಿಸಲು ದಾರಿ, ಆದರೆ ಅವರ ಕವರೇಜ್ ನಿಂತ 30 ದಿನದೊಳಗೆ ಅರ್ಜಿ ಹೋಗಬೇಕು. ಕೋಬ್ರಾದ 60 ದಿನವನ್ನೂ ಈ 30 ದಿನವನ್ನೂ ಗೊಂದಲ ಮಾಡಿಕೊಂಡವರು ಮುಂದಿನ ಸೆಪ್ಟೆಂಬರ್‌ವರೆಗೆ ಕಾಯಬೇಕಾಗುತ್ತದೆ.

ಇದನ್ನು ಓದುವ ಜೆ-1 (ವಿನಿಮಯ ಕಾರ್ಯಕ್ರಮದ) ವೀಸಾದ ಶಿಕ್ಷಕರಿಗೂ ಒಂದು ಮಾತು. ನಿಮ್ಮ ನಿಯಮದಲ್ಲಿ ಪ್ರತಿ ಕಾಯಿಲೆಗೆ ಡಿಡಕ್ಟಬಲ್ 500 ಡಾಲರ್ ಮೀರುವಂತಿಲ್ಲ, ವೈದ್ಯಕೀಯ ಸ್ಥಳಾಂತರಕ್ಕೆ 50,000, ಮೃತದೇಹ ಊರಿಗೆ ಕಳಿಸಲು 25,000 ಡಾಲರ್ ಕವರ್ ಇರಬೇಕು. ಶಾಲೆಯ ಪ್ಲ್ಯಾನ್ ಒಂದರಿಂದಲೇ ಇದೆಲ್ಲ ಪೂರೈಸುವುದು ಅಪರೂಪ, ಸ್ಪಾನ್ಸರ್ ಹೇಳುವ ಪೂರಕ ಪಾಲಿಸಿಯನ್ನು ನಿಲ್ಲಿಸಬೇಡಿ.