ಹಿಡಿಕೆ ಯಾವ ಕಡೆ ತಿರುಗಿದರೂ ಶಾಫ್ಟ್ ಒಂದೇ ಕಡೆ ತಿರುಗಬೇಕಾದರೆ

ಹಿಡಿಕೆಯನ್ನು ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ಹೊರ ಶಾಫ್ಟ್ (ಚಲನೆಯನ್ನು ಹೊರೆಗೆ ತಲುಪಿಸುವ ಶಾಫ್ಟ್) ಬಲಕ್ಕೇ ತಿರುಗಬೇಕು, ಅದಕ್ಕೆ ಒಂದು ಏಕಮುಖ ಕ್ಲಚ್ (ಒಂದು ದಿಕ್ಕಿನಲ್ಲಿ ಮಾತ್ರ ಹಿಡಿದು ಇನ್ನೊಂದರಲ್ಲಿ ಜಾರುವ ಭಾಗ) ಸಾಲದೇ ಎಂದು ತಾವು ಕೇಳಿದ್ದೀರಿ. ಸಾಲದು. ಒಂದೇ ಕ್ಲಚ್ ಇದ್ದರೆ ಸೈಕಲ್ಲಿನ ಫ್ರೀವೀಲಿನಲ್ಲಿ ಆಗುವಂತೆ ಒಂದು ದಿಕ್ಕಿನ ಚಲನೆ ಮಾತ್ರ ಮುಂದಕ್ಕೆ ಸಾಗುತ್ತದೆ, ಇನ್ನೊಂದು ವ್ಯರ್ಥವಾಗುತ್ತದೆ.

ಹಿಡಿಕೆಯ ಶಾಫ್ಟಿನ ಮೇಲೆ ಎರಡು ಗಿಯರ್‌ಗಳನ್ನು ಒಂದೊಂದು ಕ್ಲಚ್‌ನೊಂದಿಗೆ ಕೂರಿಸಿ. ಶಾಫ್ಟ್ ಎಡಕ್ಕೆ ತಿರುಗುವಾಗ ಮೊದಲನೆಯ ಕ್ಲಚ್ ಹಿಡಿಯಬೇಕು, ಬಲಕ್ಕೆ ತಿರುಗುವಾಗ ಎರಡನೆಯದು. ಮೊದಲನೆಯ ಗಿಯರ್ ಹೊರ ಶಾಫ್ಟಿಗೆ ಬಿಗಿದ ಗಿಯರನ್ನು ನೇರವಾಗಿ ಕಚ್ಚಲಿ. ಹೀಗೆ ಕಚ್ಚಿಕೊಂಡ ಎರಡು ಗಿಯರ್‌ಗಳು ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುವುದರಿಂದ ಎಡಸುತ್ತು ಬಲಸುತ್ತಾಗುತ್ತದೆ. ಎರಡನೆಯ ಗಿಯರಿಗೂ ಹೊರ ಶಾಫ್ಟಿಗೆ ಬಿಗಿದ ಅದರ ಜೋಡಿ ಗಿಯರಿಗೂ ನಡುವೆ ಒಂದು ಐಡ್ಲರ್ ಗಿಯರ್, ಅಂದರೆ ಚಲನೆಯನ್ನು ದಾಟಿಸುವ ಮಧ್ಯದ ಗಿಯರ್, ಇಟ್ಟರೆ ದಿಕ್ಕು ಎರಡು ಸಲ ಬದಲಾಗಿ ಬಲಸುತ್ತು ಹಾಗೆಯೇ ಉಳಿಯುತ್ತದೆ. ಐಡ್ಲರಿಗೆ ಎಷ್ಟೇ ಹಲ್ಲುಗಳಿದ್ದರೂ ವೇಗದ ಅನುಪಾತ ಬದಲಾಗದು.

ಆಯ್ಕೆ ಮಾಡುವಾಗ ಒಂದು ಅಂಶವನ್ನು ದಯವಿಟ್ಟು ಗಮನಿಸಿ: ಅನುಪಾತ 1:1 ಇದ್ದಾಗ ಬಿಡುವಾಗಿರುವ ಕ್ಲಚ್‌ನೊಳಗೆ ಗಿಯರ್ ಮತ್ತು ಶಾಫ್ಟ್ ಎದುರುಬದುರು ತಿರುಗುತ್ತಿರುತ್ತವೆ, ಆದ್ದರಿಂದ ಅದು ಹಿಡಿಕೆಯ ಎರಡರಷ್ಟು ವೇಗವನ್ನು ತಾಳಬೇಕು. ಶಾಫ್ಟಿನ ಮೇಲೇ ಒತ್ತಿ ಹಿಡಿಯುವ ಉರುಳೆಗಳಿರುವ ರೋಲರ್ ಕ್ಲಚ್ ಬಳಸುವುದಾದರೆ ಗಡಸುಗೊಳಿಸಿದ ಶಾಫ್ಟನ್ನೇ ಆರಿಸಿ, ಪಕ್ಕದ ಒತ್ತಡ ಹೊರಲು ಬೇರೆ ಬೇರಿಂಗ್ ಕೊಡಿ. ಇಲ್ಲಿ ಉಳಿತಾಯ ಮಾಡುವುದು ಸರಿಯಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಇನ್ನೊಂದು ಪರಿಣಾಮವೂ ಉಂಟು. ಹೊರೆ ಹೊರ ಶಾಫ್ಟನ್ನು ಹಿಂದಕ್ಕೆ ಎಳೆದರೆ ಎರಡೂ ಕ್ಲಚ್‌ಗಳು ಒಟ್ಟಿಗೆ ಹಿಡಿದು ಇಡೀ ಜೋಡಣೆ ಬಿಗಿದುಕೊಳ್ಳುತ್ತದೆ. ಭಾರ ಎತ್ತುವ ಯಂತ್ರವಾದರೆ ಇದು ಅನುಕೂಲ. ಶಾಫ್ಟನ್ನು ಕೆಲವೊಮ್ಮೆ ಕೈಯಿಂದ ಹಿಂದಕ್ಕೆ ತಿರುಗಿಸಬೇಕಿದ್ದರೆ ಮಾತ್ರ ಹೊರ ಶಾಫ್ಟಿನಲ್ಲಿ ಬಿಡಿಸಬಹುದಾದ ಕೀಲೊಂದನ್ನು ಮೊದಲೇ ಯೋಜಿಸಿಕೊಳ್ಳಬೇಕು.