ಪಕ್ಕದ ಮನೆಯ ರಿವಾಲ್ವರ್: ‘ವಿಜಯದ ವಿ’ ಕಳಿಸಿದವರಿಗೆ

ಪ್ರಿಯ ಲೇಖಕರೆ,

‘ವಿಜಯದ ವಿ’ ತಲುಪಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಅದರ ಜೊತೆ ಕಳಿಸಿದ ಆರು ಫೋಟೊಗಳನ್ನು ಮಾತ್ರ ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಬರಹಕ್ಕಿಂತ ಅವೇ ಚೆನ್ನಾಗಿವೆ. ತೊಂದರೆಯೆಂದರೆ ಬರಹ ಹೇಳುವುದನ್ನು ಅವು ಒಪ್ಪುತ್ತಿಲ್ಲ.

ನೀವು ಬರೆದದ್ದು ಇಷ್ಟು. ಅಮೆರಿಕದಲ್ಲಿ ನಿಮ್ಮ ಪಕ್ಕದ ಮನೆಯವರು ಅಡುಗೆಮನೆ ಮೇಜಿನ ಮೇಲೆ ಟವೆಲ್ ಹಾಸಿ, ತೀರಿಕೊಂಡ ತಂದೆಯ ರಿವಾಲ್ವರ್ ಇಟ್ಟು ತೋರಿಸಿದರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದ ತಂದೆ ಪೆಸಿಫಿಕ್ ಸಾಗರದಲ್ಲಿ ಸೊಂಟಕ್ಕೆ ಕಟ್ಟಿಕೊಂಡದ್ದು ಇದನ್ನೇ ಎಂದರು. ನೀವು ಹಿಡಿಕೆಯ ಬುಡದಲ್ಲಿ ನಂಬರ್ ಶುರುವಾಗುವ ಮೊದಲು ‘ವಿ’ ಅಕ್ಷರ ಕಂಡು, ಇದು ಸ್ಮಿತ್ ಅಂಡ್ ವೆಸನ್ ಕಂಪನಿಯ ‘ವಿಕ್ಟರಿ’ ಮಾಡೆಲ್ ಎಂದು ಗುರುತಿಸಿದಿರಿ. ಅದು ಸರಿ. ಅಲ್ಲಿಂದ ಮುಂದೆ ಹನ್ನೆರಡು ಪುಟ ಪರ್ಲ್ ಹಾರ್ಬರ್, ಮಿಡ್‌ವೇ, ಹಿರೋಶಿಮಾ. ಮೇಜಿನ ಮೇಲಿದ್ದ ವಸ್ತು ಮತ್ತೆ ಕಾಣಿಸಿಕೊಳ್ಳುವುದು ಕೊನೆಯ ಪ್ಯಾರಾದಲ್ಲಿ, ಅದೂ ಕಣ್ಣೀರಿನ ಜೊತೆ.

ಆ ಹನ್ನೆರಡು ಪುಟ ತೆಗೆಯಿರಿ. ಯುದ್ಧದ ಇತಿಹಾಸ ಓದುಗರಿಗೆ ಬೇರೆ ಕಡೆ ಸಿಗುತ್ತದೆ. ಟವೆಲ್ ಮೇಲಿದ್ದ ಆ ಒಂದು ಕಬ್ಬಿಣವನ್ನು ಕಂಡವರು ನೀವೊಬ್ಬರೇ.

ನನಗೂ ಈ ವಿಷಯದ ಹುಚ್ಚಿದೆ. ಕೈಯಲ್ಲಿ ಹಿಡಿದದ್ದು ಎನ್‌ಸಿಸಿಯ ಪಾಯಿಂಟ್ ಟೂ-ಟೂ ರೈಫಲ್ ಮಾತ್ರ. ಉಳಿದದ್ದೆಲ್ಲ ಪುಸ್ತಕದ ವಿದ್ಯೆ. ಆದರೂ ನಿಮ್ಮ ಫೋಟೊಗಳಲ್ಲಿ ಕಂಡದ್ದನ್ನು ಹೇಳದೆ ಇರಲಾರೆ.

ಮೊದಲು ನಂಬರ್. ಈ ಕಂಪನಿಯ ‘ಮಿಲಿಟರಿ ಅಂಡ್ ಪೊಲೀಸ್’ ರಿವಾಲ್ವರುಗಳ ಎಣಿಕೆ 1942ರಲ್ಲಿ ಹತ್ತು ಲಕ್ಷ ಮುಟ್ಟಿತು. ಆಗ ‘ವಿ’ ಸೇರಿಸಿ ಮತ್ತೆ ಒಂದರಿಂದ ಶುರುಮಾಡಿದರು. ಹಾಗಾಗಿ ‘ವಿ’ ಇದ್ದರೆ 1942ಕ್ಕಿಂತ ಹಿಂದಿನದಲ್ಲ ಎನ್ನಬಹುದು. ಪಕ್ಕದಲ್ಲಿ ‘ಎಸ್’ ಕೂಡ ಇದ್ದರೆ, ಕೈಜಾರಿ ಬಿದ್ದರೂ ಗುಂಡು ಹಾರದಂತೆ, ಕಾಡತೂಸನ್ನು ಸಿಡಿಸಲು ಬಡಿಯುವ ಸುತ್ತಿಗೆಗೆ ಹೊಸ ತಡೆ ಸೇರಿಸಿದ ಮೇಲಿನದು, ಅಂದರೆ ಯುದ್ಧದ ಕೊನೆಯ ತಿಂಗಳುಗಳದ್ದು. ನಿಮ್ಮದರಲ್ಲಿ ‘ಎಸ್’ ಇಲ್ಲ. ಇಷ್ಟರಿಂದ ನೀವು “1943ರ ಮಾರ್ಚ್‌ನಲ್ಲಿ ಜನ್ಮ ತಾಳಿತು” ಎಂದು ಬರೆದಿದ್ದೀರಿ. ಮಾರ್ಚ್ ಎಲ್ಲಿಂದ ಬಂತು? ಕಾರ್ಖಾನೆಯಿಂದ ಇವು ನಂಬರಿನ ಸಾಲು ಹಿಡಿದು ಹೊರಬೀಳುತ್ತಿರಲಿಲ್ಲ. ಹೊರಟ ದಿನ ಗೊತ್ತಾಗುವುದು ಕಂಪನಿಯ ರವಾನೆ ಪುಸ್ತಕದಿಂದ ಮಾತ್ರ. ಸ್ಮಿತ್ ಅಂಡ್ ವೆಸನ್ ಹಿಸ್ಟಾರಿಕಲ್ ಫೌಂಡೇಷನ್ ಶುಲ್ಕ ಪಡೆದು ಆ ವಿವರವನ್ನು ಪತ್ರದಲ್ಲಿ ಕೊಡುತ್ತದೆ. ಪತ್ರ ಬರುವ ತನಕ ತಿಂಗಳು ಬೇಡ.

ಏಳನೇ ಪುಟದಲ್ಲಿ “ಸಿಲಿಂಡರ್ ತೆರೆದಾಗ ಒಳಗೆ ಬೇರೆಯೇ ನಂಬರ್, ಯಾರೋ ಭಾಗಗಳನ್ನು ಬದಲಿಸಿದ್ದಾರೆ” ಎಂದು ರೋಚಕವಾಗಿ ಬರೆದಿದ್ದೀರಿ. ಯಾರೂ ಏನೂ ಬದಲಿಸಿಲ್ಲ. ಸಿಲಿಂಡರನ್ನು ಹೊರಕ್ಕೆ ತಿರುಗಿಸುವ ತೋಳಿನ ಮೇಲೆ, ಅದು ಕೂರುವ ಚೌಕಟ್ಟಿನ ಗೂಡಿನಲ್ಲಿ ಇರುವುದು ಜೋಡಣೆಯ ನಂಬರ್. ಒಂದಕ್ಕೊಂದು ಹೊಂದಿಸಿದ ಬಿಡಿಭಾಗಗಳು ಬಣ್ಣದ ತೊಟ್ಟಿಗೆ ಹೋಗಿ ಬರುವಾಗ ಬೆರೆಯಬಾರದೆಂದು ಕೆಲಸಗಾರರು ಹಾಕಿಕೊಂಡ ಗುರುತು ಅದು. ದರ್ಜಿ ಬಟ್ಟೆಗೆ ಸಿಕ್ಕಿಸುವ ಚೀಟಿ ಇದ್ದಹಾಗೆ. ಹಿಡಿಕೆಯ ನಂಬರನ್ನು ಹೋಲಿಸಬೇಕಾದ ಜಾಗಗಳು ಬೇರೆ: ಸಿಲಿಂಡರಿನ ಹಿಂಬದಿ, ನಳಿಗೆಯ ತಳ, ಬಲಗಡೆಯ ಮರದ ಹಿಡಿಪಟ್ಟಿಯ ಒಳಮೈ. ಮೊದಲ ಎರಡು ನಿಮ್ಮ ಫೋಟೊದಲ್ಲೇ ಇವೆ, ತಾಳೆಯಾಗುತ್ತವೆ.

ಈಗ ಮುಖ್ಯ ವಿಷಯ. ಎಡಬದಿಯಲ್ಲಿ, ಚೌಕಟ್ಟಿನ ಮೇಲಂಚಿನ ಮೇಲೆ ‘ಯುನೈಟೆಡ್ ಸ್ಟೇಟ್ಸ್ ಪ್ರಾಪರ್ಟಿ’ ಎಂದು ಒತ್ತಿದೆ. ಇದನ್ನು ನೋಡಿಯೇ ಅಮೆರಿಕದ ಸೇನೆಯದ್ದು ಎಂದು ನೀವೂ ನಿಮ್ಮ ನೆರೆಯವರೂ ತೀರ್ಮಾನಿಸಿದಿರಿ. 1941ರ ಲೆಂಡ್-ಲೀಸ್ ಕಾಯ್ದೆಯಡಿ ಬ್ರಿಟನ್ನಿಗೆ ಹೋದ ರಿವಾಲ್ವರುಗಳ ಮೇಲೂ ಇದೇ ಮುದ್ರೆ ಇದೆ. ಕಾಗದದ ಮಟ್ಟಿಗೆ ಅದು ಅಮೆರಿಕದ ಸ್ವತ್ತು, ಎರವಲು ಕೊಟ್ಟದ್ದು. ನಳಿಗೆಯ ಪಕ್ಕ ನೀವು ಇಟ್ಟ ಅಳತೆಪಟ್ಟಿ ನೋಡಿ: ಐದು ಇಂಚು. ಅಮೆರಿಕದ ನೌಕಾಪಡೆಗೆ ಹೋದದ್ದು ಸಾಮಾನ್ಯವಾಗಿ ನಾಲ್ಕು ಇಂಚಿನದು, .38 ಸ್ಪೆಷಲ್ ಕಾಡತೂಸಿನದು. ಐದು ಇಂಚು ಬ್ರಿಟಿಷರ ಅಳತೆ, .38/200 ಎಂಬ ಗಿಡ್ಡ ಕಾಡತೂಸಿಗೆ ಮಾಡಿದ್ದು.

ನಾಲ್ಕನೇ ಫೋಟೊವನ್ನು ದೊಡ್ಡದು ಮಾಡಿ. ನಳಿಗೆಯ ಮೇಲೆ ಪುಟ್ಟ ಕಿರೀಟ, ಅದರಡಿ ‘ಬಿ.ಎನ್.ಪಿ.’, ಪಕ್ಕದಲ್ಲಿ .38, .767 ಇಂಚು, ಮೂರೂವರೆ ಟನ್. ಬರಹದಲ್ಲಿ ಇದನ್ನು “ಅಸ್ಪಷ್ಟ ಗೀಚುಗಳು” ಎಂದು ತಳ್ಳಿಹಾಕಿದ್ದೀರಲ್ಲ, ನಿಮ್ಮ ಕಥೆಯೆಲ್ಲ ಇರುವುದು ಅಲ್ಲೇ. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆ, ಸೇನೆಯಿಂದ ಹೊರಬಿದ್ದ ಕೋವಿಯನ್ನು ಮಾರುವ ಮೊದಲು ಪರೀಕ್ಷಿಸಿ ಒತ್ತಿದ್ದು. .767 ಇಂಚು ಕಾಡತೂಸಿನ ಚಿಪ್ಪಿನ ಉದ್ದ; ಟನ್ನು ಚದರ ಇಂಚಿಗೆ ತಡೆಯುವ ಒತ್ತಡ. ಈ ಮೂರಕ್ಷರದ ಮುದ್ರೆ ಚಾಲ್ತಿಗೆ ಬಂದದ್ದು 1954ರಲ್ಲಿ. ಅಂದರೆ ಯುದ್ಧ ಮುಗಿದು ಒಂಬತ್ತು ವರ್ಷವಾದರೂ ಈ ರಿವಾಲ್ವರ್ ಇನ್ನೂ ಇಂಗ್ಲೆಂಡಿನಲ್ಲೇ ಇತ್ತು. ಪೆಸಿಫಿಕ್‌ನಲ್ಲಿ ಆ ತಂದೆಯ ಸೊಂಟದಲ್ಲಿದ್ದದ್ದು ಇದಲ್ಲ.

ಹಾಗಾದರೆ ಅಮೆರಿಕಕ್ಕೆ ವಾಪಸ್ ಬಂದದ್ದು ಯಾವಾಗ? 1968ರ ಗನ್ ಕಂಟ್ರೋಲ್ ಆ್ಯಕ್ಟ್ ಬಂದ ಮೇಲೆ ಆಮದಾದ ಕೋವಿಯ ಮೇಲೆ ಆಮದುದಾರನ ಹೆಸರು ಕೊರೆಯಲೇಬೇಕು. ನಿಮ್ಮ ಫೋಟೊಗಳಲ್ಲಿ ಎಲ್ಲೂ ಅದು ಕಾಣುವುದಿಲ್ಲ. 1954ಕ್ಕೂ 1968ಕ್ಕೂ ನಡುವೆ ಬಂದಿರಬೇಕು. ಸೇನೆಯ ಹಳೆ ಮಾಲು ಅಂಚೆಯಲ್ಲಿ ತರಿಸಿಕೊಳ್ಳಬಹುದಾಗಿದ್ದ ಕಾಲ ಅದು.

ಐದನೇ ಫೋಟೊದಲ್ಲಿ ಸಿಲಿಂಡರಿನ ರಂಧ್ರದೊಳಗೆ ಎರಡು ಬಳೆಗಳು ಕಾಣುತ್ತವೆ. ಮುಕ್ಕಾಲು ಇಂಚಿನ ಹತ್ತಿರ ಮಸುಕಾಗಿ ಒಂದು, ಇನ್ನೂ ಆಳದಲ್ಲಿ ಇನ್ನೊಂದು. ಉದ್ದನೆಯ .38 ಸ್ಪೆಷಲ್ ಹಿಡಿಯಲಿ ಎಂದು ಯಾರೋ ಒಳಗೆ ಕೊರೆದಿದ್ದಾರೆ. ಅಮೆರಿಕದಲ್ಲಿ ಮಾರಾಟವಾಗಲಿ ಎಂದು ಆಗ ಬೇಕಾದಷ್ಟು ಜನ ಹೀಗೆ ಮಾಡಿಸುತ್ತಿದ್ದರು. ಗಿಡ್ಡ ಕಾಡತೂಸು ದಪ್ಪ, ಉದ್ದದ್ದು ಸಪೂರ. ಹಾಗಾಗಿ ಹೊಡೆದಾಗ ಚಿಪ್ಪು ಹಿಂಬದಿಯಲ್ಲಿ ಉಬ್ಬುತ್ತದೆ, ಸೀಳಲೂಬಹುದು. ಲೇಖನದ ಮಾತು ಆಮೇಲೆ. ಬಲ್ಲವರಿಗೆ ತೋರಿಸುವ ತನಕ ಅದರಲ್ಲಿ ಗುಂಡು ಹಾರಿಸಬೇಡಿ ಎಂದು ನೆರೆಯವರಿಗೆ ಇಂದೇ ಹೇಳಿ.

ಒಂಬತ್ತನೇ ಪುಟದ ಕೋಷ್ಟಕವೂ ಬೇಡ. ಬ್ರಿಟಿಷ್ ಸೇನೆಯ ಎನ್‌ಫೀಲ್ಡ್ ನಂ. 2 ರಿವಾಲ್ವರಿನ ಮೇಲೆ 1934 ಎಂದೂ, ‘ಮಾರ್ಕ್ ಒಂದು’ ಎಂಬ ಮಾದರಿ ಗುರುತಿನ ಮುಂದೆ ನಕ್ಷತ್ರವೂ ಇದ್ದರೆ “ನಕ್ಷತ್ರದ ಮಾದರಿ 1934ರಲ್ಲೇ ಇತ್ತು” ಎಂದಿದ್ದೀರಿ. ಆ ಮಾದರಿ ಬಂದದ್ದು 1938ರಲ್ಲಿ. ಹಳೆಯವನ್ನು ಮಾರ್ಪಡಿಸಿ ನಕ್ಷತ್ರವನ್ನು ಆಮೇಲೆ ಒತ್ತಿದರು. ನಿಮ್ಮ ತಪ್ಪುಗಳೆಲ್ಲ ಈ ಒಂದೇ ಬೇರಿನವು: ಎಲ್ಲ ಮುದ್ರೆಗಳೂ ಒಂದೇ ದಿನ ಬಿದ್ದವು ಎಂದು ಓದುತ್ತೀರಿ. ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸಿ ನೋಡಿ, ಬರಹಕ್ಕೆ ಬೇಕಾದ ಕ್ರಮ ತಾನಾಗಿ ಸಿಗುತ್ತದೆ.

ಹಿರೋಶಿಮಾ ಇದ್ದ ಜಾಗದಲ್ಲಿ ಬೇಕಾದರೆ ಇದನ್ನು ಹಾಕಿ. ಹೊಸದೊಂದು 9 ಮಿಲಿಮೀಟರ್ ಲೈಟ್ ರೈಫಲ್ ಮಾಡಿಕೊಡಲು ಬ್ರಿಟಿಷರು ಇದೇ ಕಂಪನಿಗೆ ಹತ್ತು ಲಕ್ಷ ಡಾಲರ್ ಮುಂಗಡ ಕೊಟ್ಟಿದ್ದರು. ರೈಫಲ್ ಅವರ ಪರೀಕ್ಷೆಯಲ್ಲಿ ಮುರಿಯಿತು. ದುಡ್ಡು ಆಗಲೇ ಖರ್ಚಾಗಿತ್ತು. ಆ ಸಾಲ ತೀರಿದ್ದು ರಿವಾಲ್ವರುಗಳ ರೂಪದಲ್ಲಿ. ಯುದ್ಧ ಮುಗಿಯುವಷ್ಟರಲ್ಲಿ ಐದು ಲಕ್ಷಕ್ಕೂ ಹೆಚ್ಚು .38/200 ರಿವಾಲ್ವರುಗಳು ಬ್ರಿಟಿಷರಿಗೂ ಅವರ ಜೊತೆಯ ದೇಶಗಳಿಗೂ ಹೋಗಿದ್ದವು.

ಇನ್ನು ನೆರೆಯವರ ವಿಷಯ. ಅವರ ತಂದೆಯನ್ನು ಸುಳ್ಳುಗಾರನನ್ನಾಗಿ ಮಾಡಿ ಬರೆದರೆ ನಾನು ಹಾಕುವುದಿಲ್ಲ. ಹಡಗಿನಲ್ಲಿ ಅವರು ಇಂಥದ್ದೇ ಇನ್ನೊಂದನ್ನು ಹಿಡಿದಿರಬಹುದು. ಅದನ್ನು ಸರ್ಕಾರಕ್ಕೆ ಹಿಂದಿರುಗಿಸಿ, ಹತ್ತಿಪ್ಪತ್ತು ವರ್ಷದ ಮೇಲೆ ಅದರ ನೆನಪಿಗೆಂದು ಇದನ್ನು ಕೊಂಡಿರಬಹುದು. ‘ಇಂಥದ್ದೇ’ ಎಂದು ಅಪ್ಪ ಹೇಳಿದ್ದು ಮಗನ ಕಿವಿಯಲ್ಲಿ ‘ಇದೇ’ ಆಗಲು ಎಷ್ಟು ಹೊತ್ತು ಬೇಕು? ಬರೆಯುವ ಮೊದಲು ಮತ್ತೆ ಆ ಮೇಜಿನ ಮುಂದೆ ಕೂತು, ಕಿರೀಟದ ಮುದ್ರೆ ತೋರಿಸಿ, ಅಪ್ಪ ಹೇಳಿದ ಮಾತು ಸರಿಯಾಗಿ ಏನಿತ್ತು ಎಂದು ಕೇಳಿ. ಅವರು ಬೇಡವೆಂದರೆ ಈ ಲೇಖನವೇ ಬೇಡ.

ಒಪ್ಪಿದರೆ ಸಾವಿರದ ಇನ್ನೂರು ಪದ ಸಾಕು. ಹೋದಾಗ ಬಲಗಡೆಯ ಹಿಡಿಪಟ್ಟಿಯ ಸ್ಕ್ರೂ ಬಿಚ್ಚಿಸಿ, ಮರದ ಒಳಮೈಯ ಫೋಟೊ ತೆಗೆದು ಕಳಿಸಿ. ಅಲ್ಲೂ ಅದೇ ನಂಬರ್ ಇದೆಯೇ ಎಂಬ ಕುತೂಹಲ ನನ್ನದು.